ಎರಡಳತೆಯ ಪಾದಗಳ ವಿಳಾಸ

ಆ ದಿನ ಬೆಳಿಗ್ಗೆ ಎಂಥ ಮಂಜು ಬಿದ್ದಿತ್ತೆಂದರೆ, ಬೀದಿಯ ಬೋರ್ಡುಗಳೆಲ್ಲ ಹೆಸರು ಕಳೆದುಕೊಂಡು ಬರೀ ತಗಡುಗಳಾಗಿ ನೇತಾಡುತ್ತಿದ್ದವು. ಹಾಲಿನ ಅಂಗಡಿ ಯಾವುದು, ಔಷಧಿ ಅಂಗಡಿ ಯಾವುದು ಎಂಬುದನ್ನು ಮೂಗಿನಿಂದಲೇ ತಿಳಿಯಬೇಕಿತ್ತು. ಮೇಲಿರುವವನು ಒಮ್ಮೊಮ್ಮೆ ಹೀಗೆ ಎಲ್ಲರ ಹೆಸರನ್ನೂ ಒರೆಸಿಬಿಟ್ಟು, ಈಗ ಹುಡುಕಿಕೊಳ್ಳಿ ನೋಡೋಣ ಎಂದು ಸುಮ್ಮನೆ ಕೂರುತ್ತಾನೋ ಏನೋ.

ಹೆಸರಮ್ಮ ಆ ಮಂಜಿನಲ್ಲಿ ಶೂ ಮಾಡುವವರ ಅಂಗಡಿ ಹುಡುಕುತ್ತಿದ್ದಳು.

ಹೆಸರಮ್ಮ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಆಫೀಸಿನವರು ಇಟ್ಟದ್ದು. ಸಣ್ಣಪುಟ್ಟ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುವ ಆಫೀಸು ಅದು. ಪುಟಗಳಿಗೆ ವಿಳಾಸ ಬರೆಯುವುದು, ಫೋಟೋ ಫೈಲುಗಳಿಗೆ ಹೆಸರಿಡುವುದು ಅವಳ ಕೆಲಸ. ಯಾರಾದರೂ 'ಫೈನಲ್', 'ಹೊಸ ಫೈನಲ್', 'ಇದೇ ನಿಜವಾದ ಫೈನಲ್' ಎಂದು ಫೈಲು ಕಳಿಸಿದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. "ಕೂಸಿಗೆ ಹೆಸರಿಡೋ ಹಾಗೆ ಇಡ್ರಪ್ಪಾ, ಕೂಗಿದ್ರೆ ತಿರುಗಿ ನೋಡ್ಬೇಕು" ಎನ್ನುವಳು.

ಅಂಗಡಿಯೇನೋ ಸಿಕ್ಕಿತು. ಆದರೆ ಅದರ ಬಾಗಿಲ ಮುಂದೆಯೇ ಫುಟ್‌ಪಾತಿನ ಅಂಚು ಕಾಣದೆ ಎಡಗಾಲು ಜಾರಿ, ಶೂವಿನ ಅಟ್ಟೆ ಕಿತ್ತುಬಂದು ಬಾಯಿಬಿಟ್ಟಿತು.

"ಒಳಗೆ ಬನ್ನಿ" ಎಂದಿತು ಒಳಗಿನಿಂದ ಒಂದು ಗಂಡುದನಿ. "ಶೂ ಅಂಗಡಿಗೆ ಇದಕ್ಕಿಂತ ಸರಿಯಾಗಿ ಬರೋಕೆ ಯಾರಿಂದಲೂ ಆಗಲ್ಲ."

ಬೀದಿಯವರೆಲ್ಲ ಮೇಸ್ತ್ರಿ ಎಂದು ಕರೆಯುವವನು ಅವನೇ. ತಗ್ಗು ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲೊಂದು ಬೂಟು ಮಲಗಿಸಿಕೊಂಡಿದ್ದ. ಕೌಂಟರಿನ ಹಿಂದೆ ಅವನ ಅಕ್ಕ. ಆಕೆ ಕೂತಲ್ಲಿಂದ ಏಳದೆಯೇ ಇಡೀ ಅಂಗಡಿಯನ್ನು ಆಳುವವಳು.

"ನಾನು ವೆಬ್‌ಸೈಟ್ ಕೆಲಸಕ್ಕೆ ಬಂದವಳು" ಎಂದಳು ಹೆಸರಮ್ಮ, ಬಾಯಿಬಿಟ್ಟ ಶೂವನ್ನು ಇನ್ನೊಂದು ಕಾಲಿನ ಹಿಂದೆ ಮರೆಮಾಡುತ್ತ.

"ವೆಬ್‌ಸೈಟ್ ಆಮೇಲೆ. ಬಾಯಿ ಬಿಟ್ಟವರನ್ನ ಮೊದಲು ವಿಚಾರಿಸ್ಬೇಕು. ಕೊಡಿ ಇಲ್ಲಿ."

ಕೊಡದೆ ವಿಧಿಯಿರಲಿಲ್ಲ. ಕೊಟ್ಟಳು. ಅವನು ಎಲ್ಲ ಶೂಗಳಿಗೂ ಮಾಡುವಂತೆ ಇದರೊಳಗೂ ಕೈ ಹಾಕಿದ. ಕೈ ಹೊರಗೆ ಬಂದಾಗ ಅದರಲ್ಲೊಂದು ಹತ್ತಿಯ ಉಂಡೆಯಿತ್ತು.

ಹೆಸರಮ್ಮನಿಗೆ ಕಿವಿಯ ತುದಿಯವರೆಗೂ ಬಿಸಿಯೇರಿತು. ಚಿಕ್ಕಂದಿನ ಒಂದು ಕೆಟ್ಟ ಜ್ವರದ ನಂತರ ಅವಳ ಎಡಪಾದ ಬಲಪಾದದಷ್ಟು ಬೆಳೆಯಲೇ ಇಲ್ಲ. ಮೊದಲ ಹತ್ತಿಯನ್ನು ತುರುಕಿದವಳು ಅವಳ ತಾಯಿ. "ಯಾರಿಗೂ ಗೊತ್ತಾಗಬಾರದು ಮಗಳೇ" ಎಂದಿದ್ದಳು. ತಾಯಿ ಹೋದಳು, ಮಾತು ಉಳಿಯಿತು. ದೇವರು ಮನುಷ್ಯನಿಗೆ ಎರಡು ಪಾದ ಕೊಟ್ಟ. ಎರಡೂ ಒಂದೇ ಅಳತೆಯವಾಗಿರಬೇಕು ಎಂದವರು ಅಂಗಡಿಯವರು. ಆದರೆ ಇದನ್ನು ಬೆಳೆಯುವ ಹುಡುಗಿಗೆ ಹೇಳುವವರು ಯಾರು?

ಮೇಸ್ತ್ರಿ ಏನೂ ಕೇಳಲಿಲ್ಲ. ಹತ್ತಿಯನ್ನು ಮೇಜಿನ ಮೂಲೆಯಲ್ಲಿಟ್ಟ. ಅಕ್ಕ ಲೆಕ್ಕದ ಪುಸ್ತಕದಲ್ಲಿ ಮುಳುಗಿದ್ದಾಗಲೇ, ಕೌಂಟರಿನ ಪಕ್ಕದಲ್ಲಿದ್ದ ಒಂದು ಜೊತೆ ಚಪ್ಪಲಿಯನ್ನು ತೆಗೆದು ಅವಳ ಮುಂದೆ ಸರಿಸಿದ.

"ಅಂಟು ಒಣಗ್ಬೇಕು, ಶೂ ನಾಳೆ ಕೊಡ್ತೀನಿ. ಅಲ್ಲಿವರೆಗೆ ಇದು ಹಾಕ್ಕೊಂಡು ಹೋಗಿ. ಆಮೇಲೆ ವಾಪಸ್ ತಂದ್ರೆ ಸಾಕು."

ಕಾಲುಚೀಲ ಬಿಚ್ಚದೆಯೇ ಹಾಕಿಕೊಂಡಳು. ಬಲಗಾಲು ಕೂತಿತು. ಎಡಗಾಲೂ ಕೂತಿತು, ಬೆರಳ ತುದಿಯಿಂದ ಹಿಮ್ಮಡಿಯವರೆಗೆ, ಹತ್ತಿಯಿಲ್ಲದೆ. ಎಡದ ಚಪ್ಪಲಿ ಬಲದ್ದಕ್ಕಿಂತ ಚಿಕ್ಕದಿತ್ತು. ಬಾಗಿಲಿಂದ ಸ್ಟೂಲಿನವರೆಗೆ ಅವಳು ನಡೆದದ್ದನ್ನೇ ನೋಡಿ ಈ ಮನುಷ್ಯ ಎಲ್ಲವನ್ನೂ ಓದಿಬಿಟ್ಟಿದ್ದ. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಕೆಳಗೆ ಪಾದಗಳು ಮಾತ್ರ, ಒಡತಿಯ ಸಂಕಟ ತಮಗೆ ಸಂಬಂಧವೇ ಇಲ್ಲವೆಂಬಂತೆ, ಸುಖವಾಗಿದ್ದವು.

*

ಮರುದಿನ ಅವಳು ಬೇರೆ ಶೂ ಹಾಕಿ, ಅದಕ್ಕೂ ಹತ್ತಿ ತುಂಬಿಕೊಂಡು ಬಂದಳು.

"ಚಪ್ಪಲಿ?" ಎಂದ ಮೇಸ್ತ್ರಿ.

"ಮರೆತೆ."

"ಪರವಾಗಿಲ್ಲ. ನಿಮ್ಮ ಶೂ ಶೆಲ್ಫಲ್ಲೇ ಇರಲಿ. ಒತ್ತೆ ಇಟ್ಟ ಹಾಗೆ."

ಮರೆತಿರಲಿಲ್ಲ. ಆ ಚಪ್ಪಲಿ ಅವಳ ಕೋಣೆಯಲ್ಲಿ ಮಂಚದ ಕೆಳಗಿತ್ತು. ಬಾಗಿಲು ಹಾಕಿಕೊಂಡು ಕಿಟಕಿಯಿಂದ ಗೋಡೆಗೆ, ಗೋಡೆಯಿಂದ ಕಿಟಕಿಗೆ ಅವಳು ಅದರಲ್ಲಿ ನಡೆಯುತ್ತಿದ್ದಳು. ಕದ್ದ ಮಾಲಿನ ರುಚಿಯೇ ಬೇರೆ ಅನ್ನುತ್ತಾರಲ್ಲ, ಹಾಗೆ.

ಮೇಸ್ತ್ರಿ ಲ್ಯಾಪ್‌ಟಾಪಿನತ್ತ ಬಗ್ಗಿದ. "ಏರುಪೇರಿನ ಪಾದಕ್ಕೆ ಶೂ ಮಾಡ್ತೀವಲ್ಲ, ಆ ಪುಟಕ್ಕೆ ಭಾವ ಒಂದು ಹೆಸರು ಹೇಳಿದ್ದಾರೆ. 'ಆರ್ಥೋಪೆಡಿಕ್ ಫುಟ್‌ವೇರ್ ಸೊಲ್ಯೂಷನ್ಸ್'. ಘನವಾಗಿರುತ್ತಂತೆ."

"ಘನವಾಗೇ ಇದೆ. ಆದ್ರೆ ಹಾಗಂತ ಯಾರೂ ಹುಡುಕಲ್ಲ."

"ಮತ್ತೆ?"

"ನೋವಿರೋರು ನೋವಿನ ಮಾತಲ್ಲೇ ಹುಡುಕ್ತಾರೆ. 'ಒಂದು ಪಾದ ಚಿಕ್ಕದು ಶೂ' ಅಂತ ಟೈಪ್ ಮಾಡ್ತಾರೆ. ಕೋಣೆ ಬಾಗಿಲು ಹಾಕ್ಕೊಂಡು, ಫೋನಿನ ಬೆಳಕು ಕಡಿಮೆ ಮಾಡ್ಕೊಂಡು." ಅಷ್ಟು ಹೇಳಿ ಅವಳು ತಟ್ಟನೆ ನಾಲಿಗೆ ಕಚ್ಚಿಕೊಂಡಳು.

"ಬಾಗಿಲು ಹಾಕ್ಕೊಂಡು?"

"ಹಾಗಂತ ಕೇಳಿದ್ದೀನಿ."

ಅವನಿಗೊಂದು ಅಭ್ಯಾಸ. ಕೆಲಸ ಮಾಡುವಾಗ ಸಣ್ಣ ಮೊಳೆಗಳನ್ನು ತುಟಿಗಳ ನಡುವೆ ಕಚ್ಚಿಕೊಂಡಿರುವುದು. ಆಗ ನಗು ಬಂದರೂ ನಗುವಂತಿಲ್ಲ. ತುಟಿಯಲ್ಲಿ ಜಾಗ ಸಿಗದ ನಗು ಮೇಲೇರಿ ಕಣ್ಣಿನಲ್ಲಿ ಕೂರುತ್ತಿತ್ತು. ಈಗಲೂ ಕೂತಿತು. ಅವಳು ನೋಡಿದಳು, ನೋಡಿಲ್ಲವೆಂಬಂತೆ ಕೀಲಿಮಣೆಯತ್ತ ತಿರುಗಿದಳು.

"ಹೆಸರಲ್ಲಿ ಒಳಗಿರೋದೇ ಇರ್ಬೇಕು" ಎಂದು ಪಾಠ ಮುಂದುವರಿಸಿದಳು, ದನಿ ಸರಿಮಾಡಿಕೊಂಡು. "ಕ್ಯಾಮೆರಾ ಕೊಟ್ಟ ನಂಬರನ್ನ ಹಾಗೇ ಬಿಟ್ರೆ ಅದು ಅನಾಥ. ಪದಗಳ ಮಧ್ಯೆ ಅಡ್ಡಗೆರೆ ಇಡ್ಬೇಕು, ಇಲ್ಲಾಂದ್ರೆ ಎಲ್ಲ ಅಂಟ್ಕೊಂಡು ಗಂಜಿಯಾಗುತ್ತೆ. ನಮ್ಮ ಜನ ಕನ್ನಡಾನ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡೋದು, ಹಾಗೇ ಬರೀಬೇಕು. ಚಿಕ್ಕ ಅಕ್ಷರ, ಚಿಕ್ಕ ಮಾತು, ಸುಳ್ಳಿಲ್ಲದ ಮಾತು."

"ಆಮೇಲೆ ಹೆಸರು ಬೇಡ ಅನ್ನಿಸಿದ್ರೆ?"

"ಬದಲಾಯಿಸಬಾರದು. ಬದಲಾಯಿಸಲೇಬೇಕು ಅಂದ್ರೆ ಹಳೇ ವಿಳಾಸದಿಂದ ಹೊಸದಕ್ಕೆ ಒಂದು ದಾರಿ ಬಿಟ್ಟು ಹೋಗ್ಬೇಕು. ಇಲ್ಲಾಂದ್ರೆ ನಂಬಿ ಬಂದವರು ಗೋಡೆಗೆ ತಲೆ ಚಚ್ಚಿಕೊಳ್ತಾರೆ."

"ಮನೆ ಖಾಲಿ ಮಾಡೋವಾಗ ಪಕ್ಕದವರಿಗೆ ಹೇಳಿ ಹೋಗ್ತಾರಲ್ಲ, ಹಾಗೆ."

"ಹಾಗೇ" ಎಂದಳು. ಇಷ್ಟು ಬೇಗ ಅರ್ಥ ಮಾಡಿಕೊಂಡವರು ಆಫೀಸಿನಲ್ಲೂ ಇರಲಿಲ್ಲ.

ಕೌಂಟರಿನ ಹಿಂದಿನಿಂದ ಅಕ್ಕನ ದನಿ ಬಂತು. "ಲೋ, ನನ್ನ ಚಪ್ಪಲಿ ಕಾಣಿಸ್ತಿಲ್ವಲ್ಲೋ ನಿನ್ನೆಯಿಂದ?"

"ಬರುತ್ತೆ ಬಿಡಕ್ಕಾ. ಕಾಲಿರೋ ವಸ್ತು, ಎಲ್ಲೋ ತಿರುಗೋಕೆ ಹೋಗಿರುತ್ತೆ."

ಅಕ್ಕ ಗೊಣಗಿದಳು. ಹೆಸರಮ್ಮನಿಗೆ ತನ್ನ ಪಾದ ಮರೆಮಾಡುವುದರಲ್ಲೇ ಕಣ್ಣೆಲ್ಲ ಖರ್ಚಾಗುತ್ತಿತ್ತು; ಬೇರೆಯವರ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ನೋಡಲು ಉಳಿದಿರಲಿಲ್ಲ.

*

ಫೋಟೋ ತೆಗೆದ ದಿನ ಒಬ್ಬರು ಮುದುಕರು ಅಳತೆ ಕೊಡಲು ಬಂದಿದ್ದರು. ಮೇಸ್ತ್ರಿ ನೆಲದ ಮೇಲೆ ಕೂತು ಅವರ ಸೊಟ್ಟ ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡ. ನಿದ್ದೆ ಹೋದ ಕೂಸಿನ ತಲೆಯನ್ನು ಹಿಡಿಯುತ್ತಾರಲ್ಲ, ಹಾಗೆ. ಮುದುಕರು ಮೊದಲು ಕಾಲು ಎಳೆದುಕೊಂಡರು, ಆಮೇಲೆ ಬಿಟ್ಟುಕೊಟ್ಟರು. ಬಿಟ್ಟುಕೊಟ್ಟ ಗಳಿಗೆಯಲ್ಲಿ ಅವರ ಮುಖ ಸಡಿಲಾಯಿತು. ಹೆಸರಮ್ಮ ಕ್ಯಾಮೆರಾ ಒತ್ತಿದಳು.

ಅವಳು ಆ ಫೋಟೋದ ಒಂದು ಪ್ರತಿಯನ್ನು ತನಗಾಗಿ ಇಟ್ಟುಕೊಂಡಳು. ಪುಟಕ್ಕೆ ಹೋಗಬೇಕಾದ ಪ್ರತಿಗೆ 'ಎರಡು-ಅಳತೆಯ-ಪಾದಕ್ಕೆ-ಶೂ' ಎಂದು ಹೆಸರಿಟ್ಟಳು. ತನ್ನ ಪ್ರತಿಗೆ ಏನಿಡುವುದು? ಹೆಸರಲ್ಲಿ ಒಳಗಿರುವುದೇ ಇರಬೇಕು, ಸುಳ್ಳಿಲ್ಲದ ಮಾತಾಗಿರಬೇಕು. ಬೆರಳು ತಾನೇ ಬರೆಯಿತು: 'ನನ್ನ-ಪಾದ-ಇವರ-ಕೈಗೆ-ಕೊಡುವ-ಧೈರ್ಯ-ಎಂದು-ಬರುವುದೋ'. ಅಭ್ಯಾಸಬಲದಿಂದ ನಡುನಡುವೆ ಅಡ್ಡಗೆರೆಯನ್ನೂ ಇಟ್ಟಳು.

ಮರುದಿನ ಪುಟಕ್ಕೆ ಫೋಟೋ ಸೇರಿಸುವಾಗ ಅವಳು ಫೈಲಿನ ಹೆಸರು ನೋಡಲಿಲ್ಲ, ಫೋಟೋ ನೋಡುತ್ತಿದ್ದಳು. ಊರಿಗೆಲ್ಲ ಹೆಸರು ನೋಡಿ ಹಾಕಿ ಎನ್ನುವವಳು ಅಂದು ಮುಖ ನೋಡಿ ಹಾಕಿದಳು. ಮೊದಲು ಹಾಕಿದ ಫೋಟೋದ ಹೆಸರನ್ನೇ ಇಡೀ ಪುಟದ ವಿಳಾಸವಾಗಿ ಹಿಡಿದುಕೊಳ್ಳುವುದು ಆ ಸಾಫ್ಟ್‌ವೇರಿನ ಗುಣ. ಕೈಯಾರೆ ತಿದ್ದಬೇಕು. ಅವಳು ತಿದ್ದಲಿಲ್ಲ.

ಪುಟ ಲೋಕಕ್ಕೆ ಹೋಯಿತು. ಜನ ಬರತೊಡಗಿದರು. ಮಗುವನ್ನೆತ್ತಿಕೊಂಡು ಬಂದರು, ಕೋಲೂರಿಕೊಂಡು ಬಂದರು, ಒಬ್ಬರು ಇನ್ನೊಬ್ಬರಿಗೆ ಲಿಂಕು ಕಳಿಸಿದರು. ಹೆಸರಮ್ಮ ಏನಾದರೊಂದು ನೆಪ ಹುಡುಕಿ ಅಂಗಡಿಗೆ ಹೋಗುತ್ತಿದ್ದಳು. ಚಪ್ಪಲಿ ಮಾತ್ರ ಪ್ರತಿಸಲವೂ ಮರೆತುಹೋಗುತ್ತಿತ್ತು.

"ನೆನಪಿನ ಶಕ್ತಿಗೆ ಏನಾದ್ರೂ ತಗೊಳ್ಳಿ" ಎನ್ನುವನು ಮೇಸ್ತ್ರಿ.

"ನೀವೇ ನೆನಪಿಸ್ಬಹುದಲ್ಲ?"

"ನೆನಪಿಸಿದ್ರೆ ತಂದುಬಿಡ್ತೀರಲ್ಲ."

ಹೀಗೊಂದು ಮಧ್ಯಾಹ್ನ, ಅಕ್ಕ ಕನ್ನಡಕ ಏರಿಸಿಕೊಂಡು ಫೋನು ನೋಡುತ್ತಿದ್ದವಳು, "ನಮ್ಮ ಪುಟಾನ ನನ್ನ ನಾದಿನಿ ನಂಗೇ ಕಳಿಸಿದ್ದಾಳೆ ನೋಡು. ಅದೇನೋ ಉದ್ದಕ್ಕೆ ಬರೆದಿದೆ" ಎಂದು ಒಂದೊಂದೇ ಪದ ಕೂಡಿಸಿ ಜೋರಾಗಿ ಓದತೊಡಗಿದಳು. "ನನ್ನ... ಪಾದ... ಇವರ ಕೈಗೆ... ಕೊಡುವ ಧೈರ್ಯ... ಎಂದು... ಬರುವುದೋ." ಕನ್ನಡಕದ ಮೇಲಿಂದ ನೋಡಿದಳು. "ಯಾರ ಪಾದನೋ ಇದು? ಗಿರಾಕಿ ಯಾರಾದ್ರೂ ಬರೆದಿದ್ದಾ?"

ಮೇಸ್ತ್ರಿಯ ಸುತ್ತಿಗೆ ನಿಂತಿತು.

ಹೆಸರಮ್ಮ ತಲೆಯೆತ್ತಬಾರದಿತ್ತು, ಎತ್ತಿದಳು. ಅವನು ಅವಳನ್ನೇ ನೋಡುತ್ತಿದ್ದ. ಬಾಯಲ್ಲಿ ಮೊಳೆಗಳಿದ್ದವು, ಕಣ್ಣಲ್ಲಿ ನಗುವಿರಲಿಲ್ಲ. ಅವನ ಕಣ್ಣಲ್ಲಿದ್ದುದನ್ನು ಓದುವಷ್ಟು ಹೊತ್ತು ಅವಳು ನಿಲ್ಲಲಿಲ್ಲ. ಬ್ಯಾಗನ್ನೂ ಸರಿಯಾಗಿ ಹೆಗಲಿಗೇರಿಸದೆ ಬೀದಿಗಿಳಿದಳು.

*

ಮಾನ ಹೋದವರು ಮೊದಲು ಮಾಡುವ ಕೆಲಸ ದೀಪ ಆರಿಸುವುದು. ಅವಳು ಆಫೀಸಿಗೆ ಹೋದವಳೇ ಆ ವಿಳಾಸವನ್ನು ಬೇರುಸಮೇತ ಅಳಿಸಿದಳು. ಅದೇ ಪುಟಕ್ಕೆ 'ಎರಡು-ಅಳತೆಯ-ಪಾದಕ್ಕೆ-ಶೂ' ಎಂಬ ಹೊಸ ವಿಳಾಸ ಕೊಟ್ಟಳು. ಹಳೆಯದರಿಂದ ಹೊಸದಕ್ಕೆ ದಾರಿ ಬಿಡಲಿಲ್ಲ. ಬಿಡಬೇಕೆಂದು ಗೊತ್ತಿತ್ತು. ಆದರೆ ದಾರಿ ಬಿಡಬೇಕಾದರೆ ಆ ಸಾಲನ್ನು ಮತ್ತೊಮ್ಮೆ ತನ್ನ ಕೈಯಾರೆ ಬರೆದು, ಅದು ಲೋಕದಲ್ಲಿ ಉಳಿಯಲೆಂದು ಒಪ್ಪಿಕೊಳ್ಳಬೇಕಿತ್ತು. ಅವಳಿಂದಾಗಲಿಲ್ಲ. ಶೂ ಅಂಗಡಿಯ ಕೆಲಸವನ್ನು ಪಕ್ಕದ ಮೇಜಿನವಳಿಗೆ ಒಪ್ಪಿಸಿ, ತಲೆನೋವೆಂದು ಹೇಳಿ ಮನೆಗೆ ಬಂದಳು.

ಮನೆಯಲ್ಲಿ ಅತ್ತಿಗೆ ಕೋಣೆ ಗುಡಿಸುತ್ತಿದ್ದಳು. ಮಂಚದ ಕೆಳಗಿನ ಚಪ್ಪಲಿ ಹೊರಗೆ ಬಂದಿತ್ತು.

"ಇದೇನೇ, ಒಂದು ದೊಡ್ಡದು ಒಂದು ಚಿಕ್ಕದು?"

ಹೆಸರಮ್ಮ ಗೋಡೆಗೊರಗಿ ಕೂತುಬಿಟ್ಟಳು. ಈ ಅತ್ತಿಗೆ ಮನೆ ತುಂಬಿದಾಗಿನಿಂದ ಮುಚ್ಚಿಟ್ಟದ್ದನ್ನು ಅಂದು ಹೇಳಿದಳು. ಜ್ವರ, ಅಮ್ಮ, ಹತ್ತಿ, ಎಲ್ಲ. ಹೇಳುವಾಗ ದುಪಟ್ಟಾದ ತುದಿಯಿಂದ ಪಾದ ಮುಚ್ಚಿಕೊಂಡೇ ಇದ್ದಳು.

ಅತ್ತಿಗೆ ಪೊರಕೆ ಕೆಳಗಿಟ್ಟು ಪಕ್ಕದಲ್ಲಿ ಕೂತಳು. "ನಂಗೆ ಗೊತ್ತು ಕಣೇ."

"ಅಣ್ಣ ಹೇಳಿದ್ನಾ?"

"ನಿಮ್ಮಣ್ಣ ಮೂಗು ಮುಂದೆ ಇದ್ರೂ ಮೂಗಿದೆ ಅನ್ನಲ್ಲ. ಹತ್ತಿ ಇಷ್ಟು ಬೇಗ ಖಾಲಿಯಾಗೋ ಮನೆ ಬೇರೆ ಯಾವುದಿದೆ? ಪ್ರತಿ ತಿಂಗಳೂ ತಂದಿಡೋಳು ನಾನಲ್ವಾ?"

"ಮತ್ತೆ ಯಾಕೆ ಕೇಳ್ಲಿಲ್ಲ ಅತ್ತಿಗೇ?"

"ನೀನಾಗಿ ಬರ್ತೀಯ ಅಂತ ಕಾದೆ. ಬಾಗಿಲು ತೆಗೆದೇ ಇಟ್ಟಿದ್ದೆ, ನೀನು ಗೋಡೆ ಕಡೆ ಮುಖ ಮಾಡಿ ನಿಂತಿದ್ದೆ." ಚಪ್ಪಲಿಯನ್ನೆತ್ತಿ ಹೊಲಿಗೆಯ ಮೇಲೆ ಹೆಬ್ಬೆರಳಾಡಿಸಿದಳು. "ಒಳ್ಳೇ ಕೈ. ಮದುವೆಯಾದವನಾ?"

"ಅತ್ತಿಗೇ."

"ಸುಮ್ನೆ ಕೇಳ್ದೆ."

*

ಮರುದಿನ ಸಂಜೆ ಮೇಸ್ತ್ರಿಯ ಅಕ್ಕನ ಫೋನು ಬಂತು. ಎತ್ತಬಾರದೆಂದುಕೊಂಡು ಎತ್ತಿದಳು.

"ಬೈಯೋಕೆ ಮಾಡಿಲ್ಲ" ಎಂದಳು ಅಕ್ಕ. "ಓದಿದ ಮೇಲೆ ನಂಗೆ ಅರ್ಥವಾಯ್ತು. ಅಷ್ಟು ಜೋರಾಗಿ ಓದಬಾರದಿತ್ತು, ತಪ್ಪಾಯ್ತು. ಆದ್ರೆ ಒಂದು ಮಾತು ಕೇಳು. ಇವತ್ತೊಬ್ಬ ತಾಯಿ ಬಂದಿದ್ಲು, ಕಂಕುಳಲ್ಲಿ ಮಗಳು. ಯಾರೋ ಕಳಿಸಿದ ಲಿಂಕಂತೆ, ಒತ್ತಿದ್ರೆ ಪುಟ ಸಿಗಲಿಲ್ಲ ಅಂತ ಬರುತ್ತಂತೆ. ಬೀದಿ ಹೆಸರಷ್ಟೇ ಗೊತ್ತಿತ್ತು. ಹಾಲಿನ ಅಂಗಡೀಲಿ ಕೇಳಿದ್ದಾಳೆ, ಸಲೂನಿನಲ್ಲಿ ಕೇಳಿದ್ದಾಳೆ. ಏನಾಗ್ಬೇಕು ಅಂದವರಿಗೆಲ್ಲ ಮಗುವಿನ ಕಾಲು ತೋರಿಸಿದ್ದಾಳೆ. ಕೊನೆಗೆ ಔಷಧಿ ಅಂಗಡಿಯವನು ಕಳಿಸ್ದ."

ಹೆಸರಮ್ಮ ಕೂತಲ್ಲಿಂದ ಎದ್ದು ನಿಂತಳು.

"ಕೇಳೋಕೆ ನಾಚಿಕೆ ಅಂತ ತಾನೇ ಜನ ಫೋನಲ್ಲಿ ಹುಡುಕೋದು? ಅವಳನ್ನ ಬೀದಿ ಪೂರ್ತಿ ಕೇಳೋ ಹಾಗೆ ಮಾಡ್ಬಿಟ್ವಲ್ಲ ಅಂತ ನನ್ನ ತಮ್ಮ ಊಟ ಬಿಟ್ಟು ಕೂತಿದ್ದಾನೆ. ನಿನ್ನ ಮೇಲೆ ಒಂದು ಮಾತೂ ಆಡಿಲ್ಲ. ಅಷ್ಟೇ ಹೇಳೋಣ ಅಂತ."

ಫೋನಿಟ್ಟ ಮೇಲೆ ಅವಳ ನಾಚಿಕೆ ಹೋಗಲಿಲ್ಲ, ಆದರೆ ಬಣ್ಣ ಬದಲಾಯಿಸಿತು. ನಿನ್ನೆಯದು ತನ್ನನ್ನು ಯಾರಾದರೂ ನೋಡಿಬಿಟ್ಟಾರು ಎಂಬ ನಾಚಿಕೆ. ಇಂದಿನದು, ತಾನು ಮರೆಯಾಗಲು ಹೋಗಿ ಒಂದು ಮಗುವಿನ ಪಾದವನ್ನು ಬೀದಿಗೆಲ್ಲ ತೋರಿಸಿದೆನಲ್ಲ ಎಂಬುದು. ಮೊದಲನೆಯದು ಮೈ ಸುಡುತ್ತದೆ, ಎರಡನೆಯದು ಎಬ್ಬಿಸಿ ನಡೆಸುತ್ತದೆ.

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಆಫೀಸಿಗೆ ಹೋದಳು. ಪರದೆಯ ಮೇಲೆ ಎರಡು ಖಾನೆಗಳು. ಹಳೆಯ ವಿಳಾಸ, ಹೊಸ ವಿಳಾಸ. ಕಣ್ಣು ಮುಚ್ಚಿ ತನ್ನ ದೇವರನ್ನು ನೆನೆದಳು. ಏನನ್ನೂ ಬೇಡಲಿಲ್ಲ, ಜೊತೆಗಿರು ಎಂದಳು, ಅಷ್ಟೆ. ಆಮೇಲೆ ಹಳೆಯ ಖಾನೆಯಲ್ಲಿ ಒಂದೊಂದೇ ಅಕ್ಷರ ಒತ್ತಿದಳು. ನನ್ನ, ಅಡ್ಡಗೆರೆ. ಪಾದ, ಅಡ್ಡಗೆರೆ. ಕೆನ್ನೆ ಸುಡುತ್ತಿತ್ತು, ಬೆರಳು ನಿಲ್ಲಲಿಲ್ಲ. ಇನ್ನು ಯಾರೇ ಆ ಮಾತನ್ನು ಹಿಡಿದು ಬಂದರೂ ಅದು ಅವರನ್ನು ನೇರವಾಗಿ ಮೇಸ್ತ್ರಿಯ ಬಾಗಿಲಿಗೆ ಕರೆದೊಯ್ಯುವುದು. ಅಂಗಡಿ ಇರುವವರೆಗೂ ಆ ಮಾತೂ ಇರುವುದು.

ಒತ್ತಿ ನೋಡಿದಳು. ಬಾಗಿಲು ತೆರೆಯಿತು.

ಅಲ್ಲಿಂದ ಎದ್ದವಳು ಮನೆಗೆ ಹೋಗಿ ಚಪ್ಪಲಿಯನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟುಕೊಂಡಳು. ಹತ್ತಿಯ ಡಬ್ಬವನ್ನು ಮುಟ್ಟಲಿಲ್ಲ. ಸಡಿಲವಾದ ಎಡ ಶೂ ಟಪಟಪ ಎಂದು ಬೀದಿಯುದ್ದಕ್ಕೂ ಸಾರುತ್ತ ಬಂತು. ಅಂದು ಮಂಜಿರಲಿಲ್ಲ, ಬೋರ್ಡುಗಳೆಲ್ಲ ತಮ್ಮ ತಮ್ಮ ಹೆಸರು ಹೊತ್ತು ಬಿಸಿಲಿಗೆ ನಿಂತಿದ್ದವು.

ಆ ಸದ್ದಿಗೆ ಮೇಸ್ತ್ರಿ ತಲೆಯೆತ್ತಿದ. ಬಾಯಲ್ಲಿದ್ದ ಮೊಳೆಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದ.

"ಹಳೇ ವಿಳಾಸ ಮತ್ತೆ ಹಾಕಿದ್ದೀನಿ" ಎಂದಳು, ಹೊಸ್ತಿಲಲ್ಲೇ ನಿಂತು. "ಅದನ್ನ ಒತ್ತಿದವರು ಇಲ್ಲಿಗೇ ಬರ್ತಾರೆ. ಆ ತಾಯಿಗೆ ನನ್ನಿಂದ ತೊಂದರೆಯಾಯ್ತು. ಕೆಲಸ ಗೊತ್ತಿದ್ದೂ ತಪ್ಪು ಮಾಡಿದೆ."

"ನೋಡ್ದೆ. ಬೆಳಿಗ್ಗೆಯಿಂದ ಅದನ್ನೇ ಒತ್ತಿ ಒತ್ತಿ ನೋಡ್ತಿದ್ದೀನಿ."

"ಅಕ್ಕ ಓದೋವರೆಗೂ ನಿಮಗೆ ಗೊತ್ತಿರಲಿಲ್ವಾ?"

ಅವನು ಕೈ ಒರೆಸಿಕೊಂಡ, ಒರೆಸಿದ ಕೈಯನ್ನೇ ಮತ್ತೊಮ್ಮೆ ಒರೆಸಿಕೊಂಡ. "ಪುಟ ಬಂದ ದಿನಾನೇ ನೋಡಿದ್ದೆ."

"ಹೇಳಬಾರದಿತ್ತಾ?"

"ಹೇಳಿದ್ರೆ ತೆಗೆದುಬಿಡ್ತಿದ್ರಿ." ಸುತ್ತಿಗೆಯನ್ನು ಪಕ್ಕಕ್ಕಿಟ್ಟ. "ಹೆಸರಲ್ಲಿ ಒಳಗಿರೋದೇ ಇರ್ಬೇಕು ಅಂತ ಕಲಿಸಿದವರು ನೀವು. ನಾನು ನಂಬಿದೆ. ಆದ್ರೆ ನಂಗೂ ನಾಚಿಕೆ. ಮಾತಾಡೋಕೆ ಬರಲ್ಲ, ಅದಕ್ಕೇ ಬಾಯಲ್ಲಿ ಮೊಳೆ ಇಟ್ಕೊಳ್ತೀನಿ. ನಿಮ್ಮ ಶೂ ರಿಪೇರಿಯಾಗಿ ಎಷ್ಟು ದಿನವಾಯ್ತು, ವಾಪಸ್ ಕೊಡೋಕೆ ಮನಸ್ಸು ಬರಲಿಲ್ಲ. ಕೊಟ್ರೆ ಮತ್ತೆ ಬರಲ್ವೇನೋ ಅಂತ."

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಬೆಂಚಿನ ಮೇಲೆ ಕೂತಳು. ಎಡಗಾಲಿನ ಶೂ ಬಿಚ್ಚಿದಳು. ಕಾಲುಚೀಲವನ್ನೂ ತೆಗೆದಳು. ತಾಯಿಯ ನಂತರ ಯಾರ ಕಣ್ಣಿಗೂ ಬೀಳದ ಪಾದ, ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡಂತೆ, ಬೆರಳು ಮುದುಡಿಕೊಂಡಿತು.

"ಧೈರ್ಯ ಬಂತಾ?" ಎಂದ ಅವನು, ಬಹಳ ಮೆಲ್ಲಗೆ.

"ಇಲ್ಲ. ಆದ್ರೂ ತಗೊಳ್ಳಿ."

ಅವನು ನೆಲದ ಮೇಲೆ ಕೂತು ಎರಡೂ ಅಂಗೈ ಚಾಚಿದ. ಅವಳು ಪಾದವನ್ನು ಇಟ್ಟಳು. ಒರಟು ಅಂಗೈ, ಬೆಚ್ಚಗಿತ್ತು. ಅವನು ಅಳೆಯಲಿಲ್ಲ, ತಿರುಗಿಸಿ ನೋಡಲಿಲ್ಲ, ಸುಮ್ಮನೆ ಹಿಡಿದುಕೊಂಡ. ಮುದುಡಿದ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು.

"ಇದಕ್ಕೆ ಶೂ ಮಾಡ್ಲಾ?"

"ಒಂದು ಜೊತೆ ಸಾಕಾಗಲ್ಲ."

"ಜೀವನ ಪೂರ್ತಿ ಮಾಡ್ತೀನಿ. ಅವಸರ ಇಲ್ಲ ತಾನೇ?"

"ಇಲ್ಲ" ಎಂದಳು. ನಾಚಿಕೆ ಈಗಲೂ ಇತ್ತು. ಆದರೆ ಅದು ಓಡಿಸುವ ನಾಚಿಕೆಯಾಗಿರಲಿಲ್ಲ, ಕೂತಲ್ಲೇ ಕೂರಿಸುವ ನಾಚಿಕೆಯಾಗಿತ್ತು.

ಕೌಂಟರಿನ ಹಿಂದೆ ಕುರ್ಚಿ ಸರಿಯಿತು. "ನಾನು ನೂಲು ತರ್ತೀನಿ. ನೂಲಿದೆ, ಆದ್ರೂ ತರ್ತೀನಿ" ಎನ್ನುತ್ತ ಅಕ್ಕ ಎದ್ದಳು. ಹೆಸರಮ್ಮ ಆಕೆ ನಡೆಯುವುದನ್ನು ನೋಡಿದ್ದು ಅದೇ ಮೊದಲು. ಒಂದು ಹೆಜ್ಜೆ ಉದ್ದ, ಒಂದು ಹೆಜ್ಜೆ ಗಿಡ್ಡ. ಕಾಲಲ್ಲಿ ಹಳೆಯ, ಪಟ್ಟಿ ಸವೆದ ಒಂದು ಜೊತೆ ಚಪ್ಪಲಿ. ಎಡದ್ದು ಬಲದ್ದಕ್ಕಿಂತ ಚಿಕ್ಕದು.

ಮೇಸ್ತ್ರಿ ತಲೆ ತಗ್ಗಿಸಿಕೊಂಡೇ ಹೇಳಿದ. "ಈ ಕೆಲಸ ಕಲಿತಿದ್ದೇ ಅಕ್ಕನಿಗೋಸ್ಕರ."

ಹೆಸರಮ್ಮ ಒಂಟಿ ಶೂನಲ್ಲೇ ಎದ್ದಳು. ಬ್ಯಾಗಿನಿಂದ ಬಟ್ಟೆಯ ಗಂಟು ತೆಗೆದು ಬಿಚ್ಚಿದಳು. ಬಾಗಿಲ ಬಳಿ ನಿಂತಿದ್ದ ಅಕ್ಕನ ಮುಂದೆ ಮಂಡಿಯೂರಿ, ಚಪ್ಪಲಿಗಳನ್ನು ಆಕೆಯ ಪಾದಗಳ ಎದುರು ಜೋಡಿಸಿಟ್ಟಳು, ಚಿಕ್ಕದನ್ನು ಎಡಕ್ಕೆ, ದೊಡ್ಡದನ್ನು ಬಲಕ್ಕೆ. ಅಕ್ಕ ಒಂದು ಕೈಯನ್ನು ಅವಳ ತಲೆಯ ಮೇಲೆ ಊರಿಕೊಂಡು ಅವುಗಳಲ್ಲಿ ಕಾಲಿಟ್ಟಳು.